ಊರೆಲ್ಲ ಉತ್ತರ ಹೇಳಿತು

ಎರಡು ಬಂಗಡೆ ಹೆಚ್ಚಿಗೆ ಹಾಕು ಎಂದು ಮೀನು ಮಾರುವ ಕಾಮಿಯ ಜೊತೆ ಜಯಾ ಚೌಕಾಸಿಗೆ ನಿಂತದ್ದೇ ತಪ್ಪಾಯಿತು. ಒಳಗೆ ಬಂದು ನೋಡಿದರೆ ಕುರ್ಚಿ ಖಾಲಿ, ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ಅವಳ ಗಂಡ ಗುರುಪ್ರಸಾದ ಮಾಸ್ತರರು ನಾಪತ್ತೆ!

ಅಂಕೋಲೆಯಲ್ಲಿ ಹತ್ತು, ಈ ಸದಾಶಿವಗಡದಲ್ಲೇ ಇಪ್ಪತ್ತೈದು ವರ್ಷ ಇಂಗ್ಲಿಷ್ ಕಲಿಸಿದ ಮನುಷ್ಯ. ಈಗ ಮರೆವು ಎಲ್ಲವನ್ನೂ ತೊಳೆದುಬಿಟ್ಟಿದೆ, ಹೆಂಡತಿಯ ಹೆಸರನ್ನೂ. ಉಳಿದದ್ದು ಕ್ರಿಯಾಪದಗಳ ಮೂರು ರೂಪ ಮಾತ್ರ. ಜಯಾ 'ಈಟ್' ಎಂದರೆ 'ಏಟ್, ಈಟನ್' ಎಂದು ಬಾಯಿ ತೆರೆಯುತ್ತಾರೆ, ಅವಳು ತುತ್ತಿಡುತ್ತಾಳೆ. ಅವರ ಸಂಸಾರ ನಿಂತಿರುವುದೇ ಅಷ್ಟರ ಮೇಲೆ. ಅದೂ ಹೋದರೆ ತಾನು ಅವರಿಗೆ ಯಾರು ಎಂಬುದೇ ಅವಳ ಹೆದರಿಕೆ.

"ಹೆಸ್ರು ಹಿಡ್ದು ಕರದ್ರೆ ಅವ್ರು ಓ ಅನ್ನೂದಿಲ್ಲ, ಜಯಕ್ಕಾ," ಎಂದ ಪಕ್ಕದ ಅಂಗಡಿಯ ಮಾದೇವ. "ಗೋ ಅಂತ ಕೂಗ್ವಾ. ಎಲ್ಲಿದ್ರೂ ಉತ್ತರ ಬತ್ತದೆ, ನೋಡಿ ಬೇಕಾರೆ."

ರಿಕ್ಷಾ ಓಡಿಸುವ ಬೀರು ಇದನ್ನು ಕೇಳಿದ್ದೇ ತಡ, ರಿಕ್ಷಾಕ್ಕೆ ಮೈಕು ಕಟ್ಟಿಯೇಬಿಟ್ಟ.

"ಗೋ!" ಎಂದು ಮೈಕು ಅರಚಿತು.

"ವೆಂಟ್, ಗಾನ್!" ಸಲೂನಿನಿಂದ ಉತ್ತರ ಬಂತು. ಜಯಾ ಎದ್ದುಬಿದ್ದು ಓಡಿದಳು. ಅರ್ಧ ಗಡ್ಡ ಬೋಳಿಸಿಕೊಂಡ ನಿತಿನ ನೆಟ್ಟಗೆ ಎದ್ದು ನಿಂತಿದ್ದ. "ತಪ್ಪಾಯ್ತು, ಬಾಯೋರೆ. ಮಾಸ್ತರ್ರ ಹೆದ್ರಿಕೆ ನೋಡಿ, ತನ್ನಿಂದ ತಾನೇ ಬಾಯಿಗೆ ಬಂತು."

ಮೀನು ಮಾರ್ಕೆಟ್ಟಿನಿಂದ ಒಕ್ಕೊರಲಿನಲ್ಲಿ "ವೆಂಟ್, ಗಾನ್!" ಕಾಳಿ ಸೇತುವೆಯ ಪೊಲೀಸನೂ ಸೆಟೆದು ನಿಂತು ಒಪ್ಪಿಸಿದ. ಅವನು ಒಪ್ಪಿಸಿ ಮುಗಿಸುವ ತನಕ ಗೋವೆಯ ಬಸ್ಸುಗಳು ಸಾಲುಗಟ್ಟಿ ಕಾದವು. ಅಯ್ಯೋ ದೇವರೆ, ಊರಿಗೆ ಊರೇ ಮಾಸ್ತರರ ಶಿಷ್ಯರು! ಉತ್ತರ ಬಂದ ಕಡೆಗೆಲ್ಲ ಓಡಿ ಓಡಿ ಜಯಾಳ ಚಪ್ಪಲಿ ಕಿತ್ತುಹೋಯಿತು.

"ಒಂದ್ ಗಳಿಗೆ ಬಾಯಿ ಮುಚ್ಕಣಿ, ಮಾರಾಯ್ರೆ!" ಬೀರುವಿನ ಕೈಯಿಂದ ಮೈಕು ಕಸಿದು ಅವಳು ಅತ್ತೇಬಿಟ್ಟಳು. "ನಂಗೆ ನನ್ ಗಂಡನ ದನಿ ಕೇಳ್ಬೇಕು."

ಊರು ಗಪ್‌ಚಿಪ್ಪಾಯಿತು. "ಗೋ," ಎಂದಳು ಜಯಾ. ಯಾರೂ ಓಗೊಡಲಿಲ್ಲ.

ರಿಕ್ಷಾ ನಿಂತಲ್ಲಿಂದ ಹತ್ತೇ ಹೆಜ್ಜೆಯಾಚೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಾಸ್ತರರು ಕುಳಿತಿದ್ದರು. ಬೆಳಗಿನಿಂದ ಅಲ್ಲೇ ಇದ್ದರಂತೆ. ಅಷ್ಟು ಕೂಗಿನ ನಡುವೆ ಉತ್ತರ ಹೇಳದಿದ್ದವರು ಅವರೊಬ್ಬರೇ.

ಜಯಾ ಹತ್ತಿರ ಹೋಗಿ, ಮೆಲ್ಲಗೆ, ಬೇಡಿಕೊಳ್ಳುವವಳಂತೆ "ಗೋ..." ಎಂದಳು.

ಅವರು ಅವಳ ಮುಖ ನೋಡಿದರು. ಆಮೇಲೆ ಶಾಲೆಯ ಟೀಚರಮ್ಮನ ಮುಂದೆ ಪಾಠ ಮರೆತ ಚಿಕ್ಕ ಹುಡುಗನ ಹಾಗೆ ಎದ್ದು ನಿಂತು ತಲೆ ತಗ್ಗಿಸಿದರು.

"ಗೊತ್ತಿಲ್ಲ, ಅಕ್ಕೋರೇ," ಎಂದು ಬೆತ್ತದ ಏಟಿಗೆ ಅಂಗೈ ಮುಂದೆ ಮಾಡಿದರು.