ಮಾಮಾನ ಪಿಕಪ್ಪಿಗೆ ಟರ್ಬೊ ಇಂಜಿನ್

ಕಲಿತವರಿಗೆ ಹೆದರಿಕೆ ಹೆಚ್ಚು. ಉಳಿದವರು ಬಿದ್ದ ಮೇಲೆ ಹೆದರುತ್ತಾರೆ. ನಾವು ಬೀಳುವ ಮೊದಲೇ ಹೆದರಿ, ಬೀಳದಿದ್ದರೂ ಹೆದರುತ್ತಲೇ ಇರುತ್ತೇವೆ. ನನ್ನ ಹೆದರಿಕೆ ಮೂರು ವಾರವಾದರೂ ಮುಗಿದಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವಾಗ ಜಡತ್ವ ಎಂಬ ಪದ ಬಂದರೆ ಸಾಕು, ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಸಿಟ್ಟು ಬಂದಿದೆ ಎಂದುಕೊಂಡು ಹುಡುಗರು ಸುಮ್ಮನಾಗುತ್ತಾರೆ. ಅಷ್ಟೇ ಲಾಭ.

ಕಾರಣ, ಇದೇ ಇಂಡಿ ಊರಿನಲ್ಲಿರುವ ಅಕ್ಕನ ಗಂಡ ಶಿವಪ್ಪ ಮಾಮಾ. ಲಿಂಬೆಹಣ್ಣು ಸಾಗಿಸಲು ಅವರ ತಂದೆ ಕೊಂಡ ಪಿಕಪ್ ಒಂದಿದೆ, ವಯಸ್ಸಿನಲ್ಲಿ ನನಗಿಂತ ಹಿರಿದು. ಏರು ಬಂದರೆ ನಾವು ಇಳಿದು ಅದರ ಜೊತೆ ನಡೆಯುತ್ತಿದ್ದೆವು. "ಮಾರಿ ಹೊಸಾದು ತಗೋರಿ" ಎಂದು ಅಕ್ಕ ಹೇಳಿ ಹೇಳಿ ಸೋತಳು. "ನಮ್ಮಪ್ಪನ ಗಾಡಿ ಹ್ಯಾಂಗ ಮಾರಲಿ?" ಎಂದ ಮಾಮಾ ಅದನ್ನು ರಫೀಕ್ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದರು. ರಫೀಕ್ ಆ ಹಳೆಯ ಮೈಯೊಳಗೆ ಟರ್ಬೊ ಇಂಜಿನ್ ಕೂರಿಸಿದ. ಪವರ್ ಸ್ಟೇರಿಂಗ್, ಡಿಸ್ಕ್ ಬ್ರೇಕ್, ಅಗಲ ಟಯರು ಹಾಕಿದ. "ಇನ್ನ ಇದು ಮುದುಕ ಅಲ್ರಿ ಸರ, ಮದಮಗ!" ಎಂದ.

ಗ್ಯಾರೇಜಿನ ಮುಂದೆಯೇ ಪೂಜೆಯಾಯಿತು. ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು. ಐದನೆಯದನ್ನು ಮೆಣಸಿನಕಾಯಿ ಜೊತೆ ಬಂಪರಿಗೆ ಕಟ್ಟುವ ಕೆಲಸ ನನ್ನದು. ಎದುರಿನ ಚಹಾದಂಗಡಿಯಲ್ಲಿ ನನ್ನ ವಿದ್ಯಾರ್ಥಿಗಳು ಕುಳಿತಿದ್ದರು. ವಿಜ್ಞಾನದ ಮೇಷ್ಟ್ರು ಅವರೆದುರು ಬಗ್ಗಿ ಲಿಂಬೆಹಣ್ಣು ಕಟ್ಟುವುದೇ? ಆಮೇಲೆ ನೋಡೋಣವೆಂದು ಹಣ್ಣನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟು ಮಾಮಾನ ಪಕ್ಕ ಕುಳಿತೆ.

ಸಿಂದಗಿ ರಸ್ತೆ ಸಿಕ್ಕಿದ್ದೇ ತಡ, ಪಿಕಪ್ ಮುಂದಕ್ಕೆ ಜಿಗಿಯಿತು. ಏನೋ ಉರುಳಿದ ಸದ್ದಾಯಿತು. "ಹೆಂಗೈತ್ರಿ ಸರ?" ಎಂದು ಮಾಮಾ ಚೇಷ್ಟೆ ಮಾಡಿದರು. ನಾನು ಸೀಟು ಹಿಡಿದುಕೊಳ್ಳುವಷ್ಟರಲ್ಲಿ ಮುಂದೆ ಕಬ್ಬಿನ ಟ್ರ್ಯಾಕ್ಟರು. ಬ್ರೇಕ್ ತುಳಿದರೆ ಪೆಡಲ್ ಇಳಿಯದು. ಮಾಮಾ ಸೀಟಿನಿಂದೆದ್ದು ಮೈಭಾರವನ್ನೆಲ್ಲ ಹಾಕಿ ತುಳಿದರು. ಪಚಕ್ ಎಂದಿತು. ಗಾಡಿ ನಿಂತಾಗ ಕಬ್ಬಿನ ತುದಿಯೊಂದು ನನ್ನ ಮೂಗಿನ ಮುಂದಿನ ಗಾಜನ್ನು ತಟ್ಟುತ್ತಿತ್ತು.

ಒಳಗೆಲ್ಲ ಶರಬತ್ತಿನ ವಾಸನೆ. ಆ ಗಾಡಿಯಲ್ಲಿ ಅದು ಹೊಸದಲ್ಲ, ಮಾಮಾಗೆ ಸಂಶಯ ಬರಲಿಲ್ಲ. ಅವರು ಇಳಿದು ಗಾಲಿ ನೋಡುವಾಗ ನಾನು ಪೆಡಲಿನ ಕೆಳಗೆ ಅಪ್ಪಚ್ಚಿಯಾಗಿದ್ದ ಲಿಂಬೆಹಣ್ಣಿನ ಸಿಪ್ಪೆಯನ್ನು ಕಿಸೆಗೆ ಹಾಕಿಕೊಂಡೆ.

ಮನೆಯಲ್ಲಿ ಸುದ್ದಿ ಕೇಳಿ ಅಕ್ಕ ಕೆಂಡವಾದಳು. "ಚಡಚಣದ ಗುಜರಿಯವನ್ನ ಕರಸ್ರಿ. ಇವತ್ತಽ ಒಯ್ಲಿ!" ಕರೆಸಿಕೊಂಡ ರಫೀಕ್ ಬ್ರೇಕನ್ನು ಮೂರು ಸಲ ಪರೀಕ್ಷಿಸಿ, "ನನ್ನ ಕೆಲಸ ಹಿಂಗ ಆಗಂಗಿಲ್ರಿ ಅಕ್ಕಾರ" ಎಂದು ತಲೆ ತಗ್ಗಿಸಿದ. ಮಾಮಾ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ತಡೆಯಲಾಗದೆ ನಾನು ಕಿಸೆಯಿಂದ ಸಿಪ್ಪೆ ತೆಗೆದು ತೋರಿಸಿದೆ.

ಅಕ್ಕ ಸಿಪ್ಪೆ ನೋಡಿದಳು, ನನ್ನನ್ನು ನೋಡಿದಳು. "ಹೊರಗ ಕಟ್ಟಂದ್ರ ಒಳಗ ಇಟ್ಟೇನೋ ತಮ್ಮಾ? ಎಮ್ಮೆಸ್ಸಿ ಮಾಡಿ ಇದನ್ನ ಕಲ್ತಿ?" ಆಮೇಲೆ ಗಂಡನಿಗೆ, "ಗಾಡಿ ಇರಲಿ. ಇವನ್ನ ಮುಂದ ಕುಂಡ್ರಿಸಬ್ಯಾಡ್ರಿ."

ಅಂದಿನಿಂದ ನನ್ನ ಜಾಗ ಹಿಂದೆ, ಗೊಬ್ಬರದ ಚೀಲಗಳ ಮೇಲೆ. ಅವಮಾನವೇನೋ ಸರಿ. ಆದರೆ ಅಲ್ಲಿ ಹಿಂದಕ್ಕೆ ಮುಖ ಮಾಡಿ ಕುಳಿತರೆ ಹೆದರಿಕೆ ಕಡಿಮೆ: ಆಗಲೇ ತಪ್ಪಿಸಿಕೊಂಡು ಬಂದದ್ದಷ್ಟೇ ಕಾಣುತ್ತದೆ.