ಪೀಠ ಖಾಲಿ ಇದೆ

ನಮ್ಮ ಸೋದರಮಾವನಿಗೆ ಎದುರು ಮನೆಯವರ ಹೆಸರು ಗೊತ್ತಿರಲಿಲ್ಲ. ಆದರೆ ಆಸ್ಟ್ರೇಲಿಯಾದ ಯಾವ ತತ್ವಶಾಸ್ತ್ರ ವಿಭಾಗದಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆಂಬುದು ಕರಾರುವಾಕ್ಕಾಗಿ ಗೊತ್ತಿತ್ತು! ಇಂಥವನ ಅಳಿಯನಾಗಿ ಹುಟ್ಟಿದ ಮೇಲೆ ನಾನು ಚಿಂತೆಯ ಮನುಷ್ಯನಾಗದೆ ಇನ್ನೇನಾಗಬೇಕಿತ್ತು?

ಮಾವ ಹೊಸದುರ್ಗದ ಕಾಲೇಜೊಂದರಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ವಿಭಾಗಕ್ಕೆ ಮುಖ್ಯಸ್ಥನೂ ಅವನೇ, ಸಿಬ್ಬಂದಿಯೂ ಅವನೇ. ವಿಭಾಗದ ಸಭೆಯನ್ನು ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗಲೇ ಕನ್ನಡಿಯ ಮುಂದೆ ಮುಗಿಸಿಬಿಡುತ್ತಿದ್ದ. ಪ್ರತಿ ಜೂನ್‌ನಲ್ಲೂ ಪ್ರಿನ್ಸಿಪಾಲರು "ಈ ಸಲ ಯಾರೂ ಸೇರದಿದ್ದರೆ ಮುಚ್ಚೋದೇ" ಎನ್ನುವರು. ಪ್ರತಿ ಜೂನ್‌ನಲ್ಲೂ ಹೇಗೋ ಇಬ್ಬರು ಸಿಗುವರು. ಒಬ್ಬಳಿಗೆ ಇತಿಹಾಸದಲ್ಲಿ ಸೀಟು ಸಿಕ್ಕಿರುವುದಿಲ್ಲ. ಇನ್ನೊಬ್ಬ ಅರ್ಜಿಯಲ್ಲಿ ತಪ್ಪು ಚೌಕಕ್ಕೆ ಗುರುತು ಹಾಕಿರುತ್ತಾನೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಚಿತ್ರದುರ್ಗದ ಇಂಟರ್‌ನೆಟ್ ಸೆಂಟರಿನಲ್ಲಿ ಮಾವನಿಗೊಂದು ಜಾಲತಾಣ ಸಿಕ್ಕಿತು. ಜಗತ್ತಿನ ತತ್ವಶಾಸ್ತ್ರ ಮೇಷ್ಟ್ರುಗಳ ಸುದ್ದಿಯನ್ನಷ್ಟೇ ಹಾಕುವ ತಾಣ: ಯಾರಿಗೆ ಎಲ್ಲಿ ಕೆಲಸವಾಯಿತು, ಯಾರ ಪುಸ್ತಕಕ್ಕೆ ಯಾರು ಉಗಿದರು, ಯಾವ ವಿಭಾಗ ಮುಚ್ಚಿತು. ಮಾವ ಕನ್ನಡಕ ಒರೆಸಿಕೊಂಡು, "ಲೇ, ನಮ್ಮೋರು ಇಷ್ಟು ಜನ ಅವರೆ ಅಂತ ಗೊತ್ತೇ ಇರಲಿಲ್ಲ ಕಣೋ" ಅಂದ.

ಅಲ್ಲಿಂದ ಪ್ರತಿ ಶನಿವಾರ ಮಧ್ಯಾಹ್ನದ ಬಸ್ಸು ತಪ್ಪಲಿಲ್ಲ. ಮೌಸು ಅವನ ಕೈಗೆ ಬಗ್ಗದ ಕಾರಣ ನಾನೂ ಜೊತೆಗೆ. ನನ್ನ ಆತಂಕ ಕೇಳಿ. ಮರೆ ಕಟ್ಟಿದ ಕ್ಯಾಬಿನ್ನಿನೊಳಗೆ ಐವತ್ತು ದಾಟಿದ ಗಂಡಸೊಬ್ಬ "ಅಯ್ಯೋ, ಇವಳೂ ಬಿಟ್ಟು ಹೋದ್ಲಾ" ಎಂದು ನರಳಿದರೆ ಹೊರಗಿದ್ದವರು ಏನೆಂದುಕೊಳ್ಳಬೇಕು? ಅವಳು ಬಿಟ್ಟಿದ್ದು ಕೆನಡಾದ ಕೆಲಸವನ್ನು. ಅದನ್ನು ನಾನು ಯಾರ ಯಾರಿಗೆ ಹೇಳಿಕೊಂಡು ಬರಲಿ?

ಒಮ್ಮೆ ಊರಿಗೆ ಮರಳಿದವನು ಮನೆಯೊಳಗೆ ಕಾಲಿಡದೆ ಅಂಗಳದಲ್ಲೇ ನಿಂತುಬಿಟ್ಟ.

"ನೀರು ಕಾಸೇ. ತಲೆ ಮೇಲೆ ಹಾಕ್ಕೋಬೇಕು."

ಅತ್ತೆ ಗಾಬರಿಯಾದಳು. "ಯಾರು ಹೋದ್ರು?"

"ಇಂಗ್ಲೆಂಡಿನಲ್ಲಿ ಒಂದು ವಿಭಾಗ ತೀರ್ಕಂತು."

"ದಾಯಾದಿಗಳಾ?"

"ಇನ್ನೇನು ಮತ್ತೆ?"

ಅತ್ತೆ ಬೈದುಕೊಂಡೇ ಹಂಡೆಗೆ ಒಲೆ ಹಚ್ಚಿದಳು. ಆಮೇಲೆ ಅಮೆರಿಕದಲ್ಲೂ ವಿಭಾಗಗಳು ಸಾಲಾಗಿ ಸಾಯತೊಡಗಿ, ಮನೆಯಲ್ಲಿ ಸೌದೆ ಸಾಲದಾಯಿತು.

ಇಷ್ಟೆಲ್ಲ ಸುದ್ದಿ ಊರಿಗೆ ತಿಳಿದರೆ ತನ್ನ ವಿಭಾಗಕ್ಕೂ ನಾಲ್ಕು ಜನ ಬಂದಾರೆಂದು ಮಾವನ ಲೆಕ್ಕಾಚಾರ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನ ಕರಿಹಲಗೆಯಲ್ಲಿ ಅರ್ಧ ಜಾಗ ಕೇಳಿ ಪಡೆದ. ಮೇಲೆ "ಇಂದಿನ ವಿಶೇಷ: ಮಂಡಕ್ಕಿ ಮೆಣಸಿನಕಾಯಿ", ಕೆಳಗೆ ಮಾವನ ಸುದ್ದಿ. ಜಾಲತಾಣದವರು ಪ್ರೊಫೆಸರ್ ಹುದ್ದೆಗೆ 'ಚೇರ್' ಎಂದದ್ದನ್ನು ಇವನು ಅಚ್ಚಗನ್ನಡದಲ್ಲಿ ಬರೆದ: "ಕೆನಡಾದಲ್ಲಿ ಪೀಠ ಖಾಲಿ ಇದೆ. ಯೋಗ್ಯರು ಅರ್ಜಿ ಸಲ್ಲಿಸಬಹುದು."

ನಮ್ಮ ಸೀಮೆಯಲ್ಲಿ ಪೀಠ ಖಾಲಿ ಅಂದರೆ ಹುಡುಗಾಟವೇ? ಶ್ರೀರಾಂಪುರದ ಯಜಮಾನರೊಬ್ಬರು ಚಹಾ ಬಿಟ್ಟು ಎದ್ದು ಬಂದರು.

"ಯಾವ ಮಠದ್ರೀ? ನಮ್ಮಣ್ಣನ ಮಗ ಒಬ್ಬವ್ನೆ. ಮದುವೆ ಬ್ಯಾಡ ಅಂತ ಕುಂತವ್ನೆ. ಮರಿಸ್ವಾಮಿ ಮಾಡಬೋದು."

ಮಾವ ಗಂಭೀರವಾಗಿಯೇ ಉತ್ತರಿಸಿದ. "ಮದುವೆ ಆದೋರಿಗೂ ಕೊಡ್ತಾರ್ರೀ. ಹಿಂದೆ ಕೂತಿದ್ದ ಒಬ್ಬರಿಗೆ ಎರಡನೇ ಹೆಂಡತಿ."

ಯಜಮಾನರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಅದ್ಕೇ ಖಾಲಿ ಬಿದ್ದೈತೆ."

ಹೋಟೆಲಿನಲ್ಲಿ ಅಂದಿನಿಂದ ಮಾವ 'ಪೀಠದ ಮೇಷ್ಟ್ರು' ಆದ. ವಿದ್ಯಾರ್ಥಿಗಳು ಬರಲಿಲ್ಲ, ಮಂಡಕ್ಕಿ ಮಾತ್ರ ಚೆನ್ನಾಗಿ ಖರ್ಚಾಯಿತು.

ಕೊನೆಗೆ ಒಂದು ಜೂನ್‌ನಲ್ಲಿ ಯಾರೂ ಸೇರಲಿಲ್ಲ. ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬುವ ಕಾಲ ಬಂದಿತ್ತು. ತಪ್ಪು ಚೌಕಕ್ಕೆ ಗುರುತು ಹಾಕುವ ಪುಣ್ಯಾತ್ಮರೇ ಇಲ್ಲವಾದರು. ಮಾವನಿಗೆ ಲೈಬ್ರರಿ ನೋಡಿಕೊಳ್ಳಲು ಹೇಳಿದರು. ಆ ಶನಿವಾರ ಅವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಾಲತಾಣಕ್ಕೆ ಐದು ಸಾಲಿನ ಸುದ್ದಿ ಬರೆಸಿದ. "ಹಾಕ್ತಾರೆ. ನಮ್ಮೋರಲ್ವಾ? ಅಲ್ಲಿ ಬರೋ ತನಕ ಅದು ಮುಚ್ಚಿದಂಗಲ್ಲ."

ನಾಲ್ಕು ಶನಿವಾರ ಹುಡುಕಿದೆವು. ಅಷ್ಟು ದಿನ ಮಾವ ಹೋಟೆಲಿನ ಹಲಗೆಯ ಮೇಲೆ ಏನೂ ಬರೆಯಲಿಲ್ಲ. ನಾಲ್ಕೂ ಶನಿವಾರ ಅತ್ತೆ, ಯಾರೂ ಹೇಳದಿದ್ದರೂ, ಹಂಡೆಗೆ ಒಲೆ ಹಚ್ಚಿ ಕಾದಳು. ಸುದ್ದಿ ಬರಲೇ ಇಲ್ಲ.

"ಅವರಿಗೂ ಸುದ್ದಿ ಜಾಸ್ತಿ ಇರಬೇಕು ಬಿಡು" ಅಂದ ಮಾವ. ನಾಲ್ಕನೆಯ ಸಂಜೆ ಬಸ್ಸಿಳಿದವನೇ ಹಲಗೆಯ ಬಳಿ ಹೋಗಿ ಸೀಮೆಸುಣ್ಣ ಎತ್ತಿಕೊಂಡ. ಎಂದಿನ ಅದೇ ದುಂಡು ಅಕ್ಷರ: "ಹೊಸದುರ್ಗದ ತತ್ವಶಾಸ್ತ್ರ ಪೀಠ ಮುಚ್ಚಿದೆ. ಅದರಲ್ಲಿದ್ದವರು ಒಬ್ಬರು."

ಹೋಟೆಲಿನ ಮಾಲೀಕ ಗಲ್ಲಾ ಬಿಟ್ಟು ಎದ್ದು ಬಂದ. ಎರಡು ಸಲ ಓದಿದ. ಹೆಗಲ ಮೇಲಿನ ಟವೆಲ್ ತೆಗೆದು ಅಷ್ಟನ್ನೂ ಒರೆಸಿಬಿಟ್ಟ.

"ಮೇಷ್ಟ್ರೇ, ನಮ್ ಬೋರ್ಡ್ ಮ್ಯಾಲೆ ಸುಳ್ ಸುದ್ದಿ ಬ್ಯಾಡ್ರಿ." ತಾನು ಕೂರುತ್ತಿದ್ದ ಗಲ್ಲಾದ ಕುರ್ಚಿಯನ್ನೇ ಎಳೆದು ತಂದು ಹಲಗೆಯ ಕೆಳಗಿಟ್ಟ. "ಪೀಠ ಇಲ್ಲೈತೆ, ಕುಂತ್ಕಳ್ರಿ. ಆ ಕೆನಡಾದೋರಿಗೆ ಯಾರಾದ್ರೂ ಸಿಕ್ಕಿದ್ರಾ ಹೇಳ್ರಿ. ನಾಕು ವಾರ ಆತು, ನಮಗೆ ಒಂದೂ ತಿಳೀವಲ್ದು."

ಮಾವ ಸೀಮೆಸುಣ್ಣವನ್ನು ಹಲಗೆಯ ಅಂಚಿಗಿಟ್ಟ. ಆಮೇಲೆ ಕೂತ. ಕೆನಡಾದ ಸುದ್ದಿ ಹೇಳಿದ.

ನಾವು ಮನೆಗೆ ಬಂದಾಗ ಬಚ್ಚಲಿನಿಂದ ಹೊಗೆ ಏಳುತ್ತಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಒಣಗಿದ ಪಂಚೆ, ಟವೆಲ್ ಕೈಯಲ್ಲಿತ್ತು.

ಮಾವ ಅಂಗಳದಲ್ಲಿ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ಸೀದಾ ಒಳಗೆ ನಡೆದ.

"ಒಲೆ ಆರಿಸೇ" ಅಂದ. "ಯಾರೂ ತೀರ್ಕಂಡಿಲ್ಲ."