ಗೂಡ್ಸ್ ಗಾಡಿ ಇರುವ ಹುಡುಗ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಟ್ಟದಪುರದ ಒಂದು ಮರ್ಯಾದಸ್ಥ ಮನೆಯವರು ನನ್ನನ್ನು ಗೂಡ್ಸ್ ಗಾಡಿಗಳ ಮಾಲೀಕ ಎಂದು ತಿಳಿದುಕೊಂಡಾಗ ‘ಅಲ್ಲ’ ಎನ್ನಬೇಕಾಗಿದ್ದ ಬಾಯಿ ನನ್ನದು. ಆ ಬಾಯಲ್ಲಿ ಆಗ ಅವರ ಮನೆಯ ಕಜ್ಜಾಯವಿತ್ತು. ನುಂಗಿದ ಮೇಲಾದರೂ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇನ್ನೊಂದು ತೆಗೆದುಕೊಂಡೆ. ಊರಿನವರನ್ನೆಲ್ಲ ಅಣಕಿಸಿ ಬೈಸಿಕೊಳ್ಳುವ ನನ್ನ ನಾಲಿಗೆ, ನಿಜ ಹೇಳಬೇಕಾದ ದಿನ ರಜಾ ಹಾಕಿತ್ತು.

ನಾನಿರುವುದು ಹುಣಸೂರಿನಲ್ಲಿ. ನಮ್ಮೂರಲ್ಲಿ ರೈಲಿಲ್ಲ. ಪ್ರತಿ ಚುನಾವಣೆಗೆ ಮುಂಚೆ ಭಾಷಣದಲ್ಲಿ ಒಂದು ರೈಲು ಬರುತ್ತದೆ, ಚಪ್ಪಾಳೆ ಹತ್ತಿಸಿಕೊಂಡು ಪಿರಿಯಾಪಟ್ಟಣದ ಕಡೆ ಹೊರಟುಹೋಗುತ್ತದೆ, ಅಷ್ಟೇ. ಇಂಥ ಊರಲ್ಲಿ ಹುಟ್ಟಿ ನನಗೆ ಹತ್ತಿದ ಹುಚ್ಚು ರೈಲಿನದು, ಅದರಲ್ಲೂ ಗೂಡ್ಸ್ ರೈಲಿನದು. ಮೋಟಾರ್ ವೈಂಡಿಂಗ್ ಅಂಗಡಿಗೆ ರಜೆ ಸಿಕ್ಕ ದಿನ ಕ್ಯಾಮೆರಾ ನೇತುಹಾಕಿಕೊಂಡು ಕೆ.ಆರ್. ನಗರಕ್ಕೆ ಹೋಗಿ, ಹಳಿಯಿಂದಾಚೆ ಗದ್ದೆ ಬದುವಿನಲ್ಲಿ ಕೂತು ಕಾಯುತ್ತೇನೆ. ಎಚ್.ಡಿ. ಕೋಟೆ ಕಡೆ ಹುಲಿಯ ಫೋಟೊ ತೆಗೆಯುವವರೂ ಹೀಗೇ ಕಾಯುತ್ತಾರೆ. ಆದರೆ ಅವರಿಗೆ ಜೀಪು, ಟೋಪಿ, ಕುಡಿಯಲು ಬಿಸಿ ಕಾಫಿ. ನನಗೆ ಗದ್ದೆಯವರ ವಿಚಾರಣೆ. ಒಮ್ಮೆ ಕಳೆ ಕೀಳುತ್ತಿದ್ದ ಅಜ್ಜಿ ಸೊಂಟ ನೆಟ್ಟಗೆ ಮಾಡಿ ಕೇಳಿತು: “ಬೆಳಗಿಂದ ಯಾರ್ನ ಕಾಯ್ತಾ ಕುಂತಿದ್ದೀಯಲಾ ಮಗ?” “ಗೂಡ್ಸ್ ಬರ್ತದೆ ಅಜ್ಜಿ.” “ಅದ್ಯಾರ ಮಗಳ್ಲಾ?”

ಸಿಕ್ಕಿದ ಗೂಡ್ಸನ್ನು ಫೋಟೊದಲ್ಲಿ ತಂದು, ನೋಡಿಕೊಂಡು, ಅದರ ಮಾದರಿ ಕಟ್ಟುವುದು ಹುಚ್ಚಿನ ಎರಡನೆಯ ಹಂತ. ಊದುಬತ್ತಿ ಡಬ್ಬಿ ಕತ್ತರಿಸಿ ವ್ಯಾಗನ್ನು, ಆಟದ ಕಾರಿನ ಮೋಟಾರು ಕಿತ್ತು ಎಂಜಿನ್ನು, ಒಣಗಿಸಿದ ಕಾಫಿ ಚರಟ ಸುರಿದು ಕಲ್ಲಿದ್ದಲು. ಅಮ್ಮನ ಪ್ಲಾಸ್ಟಿಕ್ ಬೇಸಿನ್ನು ಸುರಂಗವಾಯಿತು. ಅದರ ಬಗ್ಗೆ ಅಮ್ಮ ಏನಂದಳು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಸರ್ಕಾರ ಕೊಡದ ‘ಹುಣಸೂರು ಜಂಕ್ಷನ್’ ನಮ್ಮ ಮಹಡಿ ಕೋಣೆಯ ಮಂಚದ ಮೇಲೆ ತಲೆಯೆತ್ತಿತು. ಮಂಚ ಜಂಕ್ಷನ್ನಿನ ಪಾಲಾದ ಮೇಲೆ ನಾನು ನೆಲಕ್ಕೆ ಬಂದೆ.

ಈ ನಡುವೆ ನನಗೆ ಹೆಣ್ಣು ಹುಡುಕುವ ಜವಾಬ್ದಾರಿಯನ್ನು ಅಮ್ಮನ ತಮ್ಮ ಸ್ವಾಮಿಮಾವ ಹೊತ್ತುಕೊಂಡ. ಮಾವ ಮಾತಿನ ವ್ಯಾಪಾರಿ. ಗಂಡಿನ ಬಗ್ಗೆ ಹೇಳುವಾಗ ಇರುವುದನ್ನು ಚಿಕ್ಕದಾಗಿ ಹೇಳಿದ ದಾಖಲೆಯಿಲ್ಲ. ಬೆಟ್ಟದಪುರದಲ್ಲಿ ಹೊಗೆಸೊಪ್ಪು ಬೆಳೆಯುವ ಜವರೇಗೌಡರು “ಹುಡುಗಂಗೆ ಅಂಗಡಿ ಕೆಲ್ಸ ಬುಟ್ರೆ ಇನ್ನೇನದೆ?” ಎಂದಾಗ, ಮಾವನಿಗೆ ನನ್ನ ಹುಚ್ಚು ನೆನಪಾಗಿ “ಗೂಡ್ಸ್ ಗಾಡಿ ಅವೆ ಗೌಡ್ರೇ!” ಅಂದುಬಿಟ್ಟ. ರೈಲಿಲ್ಲದ ನಮ್ಮ ಸೀಮೆಯಲ್ಲಿ ಗೂಡ್ಸ್ ಗಾಡಿ ಎಂದರೆ ಒಂದೇ ಅರ್ಥ: ಮೂಟೆ, ಕುರಿ, ಮದುವೆ ಸಾಮಾನು ಎಲ್ಲವನ್ನೂ ಹೇರುವ ಬಾಡಿಗೆ ಟೆಂಪೊ.

ಇದೇನೂ ಗೊತ್ತಿಲ್ಲದೆ ನಾನು ಮಾವನ ಜೊತೆ ಹೆಣ್ಣು ನೋಡಲು ಹೋಗಿ ಜಮಖಾನದ ಮೇಲೆ ಕೂತೆ. ಗೌಡರು ನೇರವಾಗಿ ವಿಷಯಕ್ಕೆ ಬಂದರು.

“ಗಾಡಿ ಎಷ್ಟವೆ?”

“ಓಡೋವು ಎರಡು. ಇನ್ನೊಂದು ಕಟ್ತಾ ಇದ್ದೀನಿ.”

“ಬಾಡಿ ಎಲ್ಲಿ ಕಟ್ಟುಸ್ತೀರಿ?”

“ಬಾಡಿ ನಾನೇ ಕಟ್ಟೋದು. ಬಣ್ಣನೂ ನಂದೇ.”

“ಬಲೆ! ಲೋಡು?”

“ಕಲ್ಲಿದ್ದಲು, ಸಿಮೆಂಟು, ಗೊಬ್ಬರ, ಪೆಟ್ರೋಲು.”

ಗೌಡರು ಹೆಂಡತಿಯ ಕಡೆ ನೋಡಿದರು. ಹೆಂಡತಿ ತಟ್ಟೆಗೆ ಇನ್ನೆರಡು ಕಜ್ಜಾಯ ಹಾಕಿದರು. ಸ್ವಂತ ತಾಯಿ ಕಸ ಎಂದು ಗುಡಿಸಲು ಬರುವ ವಿದ್ಯೆಯನ್ನು ಮಾವನಾಗುವವರು ಇಷ್ಟು ಅಕ್ಕರೆಯಿಂದ ವಿಚಾರಿಸುತ್ತಿದ್ದಾರೆ!

“ಪ್ಲಾಟ್‌ಫಾರಂಗೆ ಬತ್ತದಾ?”

“ಪ್ಲಾಟ್‌ಫಾರಂ ಬಿಟ್ಟು ಪಕ್ಕದ ಲೈನಲ್ಲಿ ನಿಲ್ಲುಸ್ತಾರೆ ಗೌಡ್ರೇ.”

“ಲೈನಲ್ಲಿ ನಿಂತ್ಕಬೇಕು, ಸರಿ. ನುಗ್ಗಬಾರದು. ಒಳ್ಳೆ ಶಿಸ್ತು ಕಣಪ್ಪ.”

ಅಷ್ಟರಲ್ಲಿ ಕಾಫಿ ತಂದ ಗೌಡರ ಮಗಳು ಚೈತ್ರ, “ಗಾಡಿ ಸೌಂಡ್ ಜಾಸ್ತಿ ಇರ್ತದಾ?” ಎಂದು ಕೇಳಿದಳು. ಅಣಕಿಸುವವನನ್ನು ಹೀಗೆ ಕೇಳಬಾರದು. ಡೀಸೆಲ್ ಎಂಜಿನ್ನು ಏರು ಹತ್ತುವ ಗುಡುಗು, ಹಿಂದೆ ಒಂದಕ್ಕೊಂದು ತಾಕುವ ವ್ಯಾಗನ್ನುಗಳ ಖಣಖಣ, ಎಲ್ಲವನ್ನೂ ಬಾಯಲ್ಲೇ ಹೊರಡಿಸಿದೆ. ಹಟ್ಟಿಯಲ್ಲಿದ್ದ ಎಮ್ಮೆ ಎದ್ದು ನಿಂತಿತು. ಚೈತ್ರ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆ ನಗು ನೋಡಿದ ಕ್ಷಣದಿಂದ ನನಗೆ ಬೇರೆ ಸಂಬಂಧ ಯಾವುದೂ ಬೇಡವಾಯಿತು.

ಆಗಲೇ ಗೌಡರು ತೃಪ್ತಿಯಿಂದ, “ಸೊಪ್ಪು ಬೇಲ್ ಕಟ್ಟಾದ್ಮೇಲೆ ನಿಮ್ಮದೊಂದು ಗಾಡಿ ಕಳ್ಸುಬುಡಿ, ಪ್ಲಾಟ್‌ಫಾರಂಗೆ ಹಾಕ್‌ಬುಡವ” ಅಂದರು. ನನಗೆ ಜ್ಞಾನೋದಯವಾಯಿತು. ನಮ್ಮ ಕಡೆ ಹೊಗೆಸೊಪ್ಪಿನ ಬೇಲು, ಅಂದರೆ ಒತ್ತಿ ಕಟ್ಟಿದ ಮೂಟೆ, ಹರಾಜಾಗುವ ಜಾಗಕ್ಕೂ ಪ್ಲಾಟ್‌ಫಾರಂ ಎಂದೇ ಹೆಸರು. ಚೈತ್ರ ಇನ್ನೂ ನಗುತ್ತಿದ್ದಳು. ನಾನು ತಲೆಯಾಡಿಸಿದೆ. ಕಜ್ಜಾಯದ ವಿಷಯ ಆಗಲೇ ಹೇಳಿದ್ದೇನೆ.

ವಾಪಸು ಬಸ್ಸಿನಲ್ಲಿ ಮಾವನನ್ನು ಹಿಡಿದುಕೊಂಡೆ. ಮಾವ ಕಿಟಕಿಯಾಚೆ ಉಗಿದು, “ತಪ್ಪು ತಿಳ್ಕಂಡ್ರೆ ತಿಳ್ಕಳ್ಳಿ ಬುಡ್ಲಾ. ಮದ್ವೆ ಆದ್ಮೇಲೆ ಅವ್ರ ಕೈಲೇ ಒಂದ್ ಗಾಡಿ ಕೊಡುಸ್ಕಂಡ್ರೆ ನಾವ್ ಯೋಳಿದ್ದು ನಿಜ ಆಯ್ತದೆ” ಎಂದ. ಸುಳ್ಳನ್ನು ಸತ್ಯ ಮಾಡುವುದಕ್ಕೆ ಇಷ್ಟು ಪ್ರಾಮಾಣಿಕವಾಗಿ ಶ್ರಮಿಸುವ ಇನ್ನೊಬ್ಬನನ್ನು ನಾನು ಕಂಡಿಲ್ಲ. ನಾಳೆ ಫೋನ್ ಮಾಡಿ ಹೇಳುತ್ತೇನೆ ಅಂದುಕೊಂಡೆ. ಮರುದಿನವೂ ನಾಳೆ ಎಂದುಕೊಂಡೆ.

ನಾಳೆ ಬರುವ ಮೊದಲು ಗೌಡರೇ ಮನೆ ನೋಡಲು ಬಂದರು. ಕಾಲ ಬದಲಾಗಿದೆ, ಚೈತ್ರಳೂ ಜೊತೆಯಲ್ಲಿ ಬಂದಿದ್ದಳು. ಗೌಡರು ಬೀದಿಯ ಆ ತುದಿ ಈ ತುದಿ ನೋಡಿ, “ಗಾಡಿಗಳ್ನ ಎಲ್ಲಿ ನಿಲ್ಲುಸ್ತೀರವ್ವಾ?” ಎಂದು ಅಮ್ಮನನ್ನು ಕೇಳಿದರು. ಒಳಗಿನ ರಾಜಕೀಯ ಗೊತ್ತಿಲ್ಲದ ಅಮ್ಮ, “ಮಾಡಿ ಮೇಲೆ ಮಂಚದ ಮೇಲವೆ ಅಣ್ಣ. ದೂಳು ಒಡ್ದೂ ಒಡ್ದೂ ನನ್ ಕೈ ಬಿದ್ದೋಯ್ತು” ಎಂದಳು.

ಎಲ್ಲರೂ ಮಹಡಿ ಹತ್ತಿದರು. ಗೌಡರು ಒಂದು ವ್ಯಾಗನ್ನನ್ನು ಎರಡು ಬೆರಳಲ್ಲಿ ಎತ್ತಿ, ಊದುಬತ್ತಿಯ ವಾಸನೆ ಮೂಸಿ, “ಇದ್ರಲ್ಲಿ ನಮ್ ಬೇಲು ಇಡ್ಸಕ್ಕಿಲ್ಲ ಕಣಪ್ಪ” ಎಂದರು.

“ಸ್ಯಾಂಪಲ್ಲು ಗೌಡ್ರೇ, ಸ್ಯಾಂಪಲ್ಲು!” ಎಂದ, ಅವರ ಬೆನ್ನಿಗೇ ಹತ್ತಿಬಂದ ಮಾವ.

“ಸ್ಯಾಂಪಲ್ ಅಲ್ಲ. ನನ್ನತ್ರ ಇರೋದೇ ಇಷ್ಟು. ಮಿಕ್ಕಿದ್ದೆಲ್ಲ ಫೋಟೊ” ಎಂದೆ ನಾನು. ಕೊನೆಗೂ ನಾಲಿಗೆ ಕೆಲಸಕ್ಕೆ ಬಂದಿತ್ತು.

“ಫೋಟೊ ನೋಡಿ ಗಂಡು ಒಪ್ಪದು ಕೇಳಿವ್ನಿ. ಫೋಟೊ ನೋಡಿ ಗಾಡಿ ಒಪ್ಪದು ಎಲ್ಲೂ ಕೇಳಿಲ್ಲ” ಎಂದು ಗೌಡರು ಪಂಚೆ ಎತ್ತಿ ಕಟ್ಟಿಕೊಂಡರು. ಆದರೆ ಚೈತ್ರ ಮಂಚದ ಪಕ್ಕದಲ್ಲೇ ಬಗ್ಗಿ ನಿಂತಿದ್ದಳು. “ಓಡ್ತದಾ?” ಎಂದಳು. ಸ್ವಿಚ್ ಒತ್ತಿದೆ. ಎಂಜಿನ್ನು ಜಂಕ್ಷನ್ ದಾಟಿ, ಬೇಸಿನ್ನಿನ ಸುರಂಗದೊಳಕ್ಕೆ ಹೋಗಿ, ಅಲ್ಲೇ ಉಳಿಯಿತು. ಉಳಿದ ಪ್ರಯಾಣವನ್ನು ನಾನು ಬಾಯಲ್ಲೇ ಪೂರೈಸಿದೆ. ಅವಳು ಅವತ್ತಿನಂತೆಯೇ ನಕ್ಕಳು. ನನಗೆ ಜೀವ ಬಂತು.

ಗೌಡರು ಅಷ್ಟು ಹೊತ್ತಿಗೆ ಮೆಟ್ಟಿಲಿಳಿದು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಅಪ್ಪ ಕೂಗಿದೊಡನೆ ಚೈತ್ರಳೂ ಇಳಿದಳು. ಇನ್ನು ಉಳಿದಿದ್ದ ಆಯುಧ ಒಂದೇ. ಮೆಟ್ಟಿಲ ತುದಿಯಲ್ಲಿ ನಿಂತು, ಮೂಗು ಹಿಡಿದು, ರೈಲ್ವೆ ಸ್ಟೇಷನ್ನಿನ ಹೆಂಗಸಿನ ದನಿಯಲ್ಲಿ ಘೋಷಿಸಿದೆ: “ಪ್ರಯಾಣಿಕರ ಗಮನಕ್ಕೆ. ಬೆಟ್ಟದಪುರದ ಕಡೆ ಹೋಗುವ ಗಾಡಿ ಸ್ವಲ್ಪ ತಡವಾಗಿ ಹೊರಡಲಿದೆ. ಪ್ರಯಾಣಿಕರು ಹುಡುಗನ ಬಗ್ಗೆ ಇನ್ನೊಮ್ಮೆ ಯೋಚಿಸಬೇಕಾಗಿ ವಿನಂತಿ.”

ಚೈತ್ರ ಹೊಸ್ತಿಲ ಮೇಲೆ ನಿಂತು, ತಿರುಗಿ, ನಗುನಗುತ್ತಲೇ ಹೇಳಿದಳು:

“ಗೂಡ್ಸ್ ಗಾಡೀಲಿ ಜನ ಹತ್ತಂಗಿಲ್ಲ ಅಲ್ವೇನ್ರೀ? ನಾವು ಬಸ್ಸಲ್ಲೇ ಓಯ್ತೀವಿ ಬುಡಿ.”